ಹನ್ನೊಂದು ತೆನೆಯ ಧ್ವಜ

ಎರ್ಮೆಲಿಂದಾಳ ಹೊಲಿಗೆಯಲ್ಲಿ ತಪ್ಪು ಹುಡುಕುವ ಧೈರ್ಯ ತಿಮೋರ್ ದೇಶದ ದಿಲಿ ಪಟ್ಟಣದ ಬೆಕೋರಾ ಬೀದಿಯಲ್ಲಿ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಆಡಳಿತ ಕಚೇರಿಯ ನತಾಲಿನೋಗೂ ಬರುತ್ತಿರಲಿಲ್ಲ, ಆದರೆ ಮೇಲಿನವರು ಎಣಿಸಿ ನೋಡಿಕೊಂಡು ಬಾ ಎಂದು ಅಟ್ಟಿದ್ದರು. ಅವನು ಬಂದ, ಮೇಜಿನ ಮೇಲೆ ಹರಡಿದ್ದ ದೊಡ್ಡ ನೀಲಿ ಧ್ವಜದ ಮೇಲೆ ಬಗ್ಗಿದ, ಬೆರಳಿಟ್ಟು ಎಣಿಸಿದ, ಇನ್ನೊಮ್ಮೆ ಎಣಿಸಿದ.

"ತಿಯಾ, ಹನ್ನೊಂದಿದೆ," ಎಂದ. ಬೀದಿಗೆಲ್ಲ ಅವಳು ತಿಯಾ, ಅಂದರೆ ಅತ್ತೆ.

"ಮತ್ತೆ? ನಾವೂ ಸೇರಿದ್ಮೇಲೆ ಹನ್ನೊಂದಲ್ವೇನೋ?"

ನೆರೆಯ ಹತ್ತು ದೇಶಗಳ ಆಸಿಯಾನ್ ಕೂಟದ ಬಾಗಿಲ ಮುಂದೆ ತಿಮೋರ್ ಹದಿನಾಲ್ಕು ವರ್ಷ ನಿಂತಿತ್ತು. ಈಗ ಬಾಗಿಲು ತೆರೆದಿದೆ. ಬರುವ ಸೋಮವಾರ ಕಚೇರಿಯ ಅಂಗಳದಲ್ಲಿ ಕೂಟದ ಧ್ವಜ ಏರಬೇಕು. ನೀಲಿ ಬಟ್ಟೆ, ನಡುವೆ ಕೆಂಪು ವೃತ್ತ, ಅದರೊಳಗೆ ಹಳದಿ ದಾರದ ಭತ್ತದ ತೆನೆಗಳ ಒಂದು ಕಟ್ಟು. ದೇಶಕ್ಕೊಂದು ತೆನೆ ಎಂದು ಯಾರೋ ಹೇಳಿದ್ದರು. ಎರ್ಮೆಲಿಂದಾ ಕಚೇರಿಯವರು ಕೊಟ್ಟ ಚಿತ್ರವನ್ನು ಪಕ್ಕಕ್ಕಿಟ್ಟು, ದೇಶಗಳನ್ನು ಎಣಿಸಿಕೊಂಡು ಹೊಲಿದಿದ್ದಳು. ಸ್ವಾತಂತ್ರ್ಯ ಬಂದ ದಿನ ಈ ಬೀದಿಯಲ್ಲಿ ಹಾರಿದ್ದು ಹೊರದೇಶದ ಅಂಗಡಿಯಿಂದ ತಂದ ಧ್ವಜ. ಈ ಸಲವಾದರೂ ಮೇಲೇರುವುದು ಈ ಊರಿನ ಕೈ ಹೊಲಿದದ್ದಾಗಿರಲಿ ಎಂಬುದೊಂದೇ ಅವಳ ಆಸೆ. ಆ ಕೈ ತನ್ನದೇ ಆಗಿರಲಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

"ಲಾಂಛನದಲ್ಲಿ ಹತ್ತೇ, ತಿಯಾ. ನಾವು ಸೇರಿದ್ರೂ ಅದು ಬದಲಾಗಿಲ್ಲ."

"ಹಂಗಾದ್ರೆ ನಾವು ಒಳಗಿದ್ದೀವೋ ಇಲ್ವೋ?"

"ಒಳಗೇ ಇದ್ದೀವಿ. ಚಿತ್ರದಲ್ಲಿಲ್ಲ, ಅಷ್ಟೆ."

"ಮದ್ವೆಗೆ ಕರ್ದು, ಫೋಟೋ ತೆಗೆಯೋವಾಗ ಆಚೆ ನಿಲ್ಲಿಸ್ದಂಗಾಯ್ತು."

ನತಾಲಿನೋ ಮೇಲಿನವರ ಮಾತನ್ನು ಒಪ್ಪಿಸಿದ. ಒಂದು ತೆನೆ ಬಿಚ್ಚಿಬಿಡಿ, ಇಲ್ಲದಿದ್ದರೆ ಇಂಡೋನೇಷ್ಯಾದ ಸುರಬಾಯಾದಿಂದ ಸಿದ್ಧ ಧ್ವಜ ನಾಳೆಯ ವಿಮಾನದಲ್ಲೇ ಬರುತ್ತದೆ ಎಂದ. ಎರ್ಮೆಲಿಂದಾ ಸಣ್ಣ ಕತ್ತರಿಯನ್ನು ಕೈಗೆತ್ತಿಕೊಂಡಳು.

"ಆಯ್ತು. ಯಾವ್ದು ಬಿಚ್ಲಿ?"

"ಯಾವ್ದಾದ್ರೂ."

"ಯಾವ್ದಾದ್ರೂ ಅಂದ್ರೆ ಹೆಂಗೆ ಸೆನ್ಯೋರ್? ಒಂದೊಂದೂ ಒಂದೊಂದು ದೇಶ. ಇದು ಥಾಯ್ಲೆಂಡ್, ಇದು ವಿಯೆಟ್ನಾಂ, ಈ ದಪ್ಪಗಿರೋದು ಸಿಂಗಪುರ. ಯಾರನ್ನ ತೆಗೀಲಿ? ನೀವೇ ಅಪ್ಪಣೆ ಕೊಡಿ."

ಚಿಕ್ಕಂದಿನಲ್ಲಿ ಚರ್ಚಿನ ಮೊದಲ ಪರಮಪ್ರಸಾದಕ್ಕೆ ಅವನಿಗೆ ಅಂಗಿ ಹೊಲಿದುಕೊಟ್ಟವಳು ಈಗ ಸೆನ್ಯೋರ್, ಅಂದರೆ ಸಾಹೇಬರೇ, ಎಂದಳೆಂದರೆ ಗ್ರಹಚಾರ ಕೆಟ್ಟಿತೆಂದೇ ಅರ್ಥ. ನಮ್ಮದನ್ನೇ ತೆಗೆಯಿರಿ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಮೇಲಿನವರಿಗೆ ಫೋನ್ ಮಾಡಿದ. ಮಿತ್ರರಾಷ್ಟ್ರವೊಂದರ ಹೆಸರು ಹೇಳಿ ಅದನ್ನು ತೆಗೆಸುವುದು ತಮ್ಮ ಕೈಯಲ್ಲಿಲ್ಲ, ಅದು ವಿದೇಶಾಂಗದ ವಿಷಯ, ಬರೆದು ಕೇಳಬೇಕು, ಉತ್ತರಕ್ಕೆ ಮೂರು ವಾರ ಹಿಡಿಯುತ್ತದೆ ಎಂದರು ಅವರು. ಆಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. ದೇಶದ ಹೆಸರು ಎತ್ತುವುದೇ ಬೇಡ, ಕೊನೆಗೆ ಹೊಲಿದದ್ದನ್ನು ತೆಗೆಸಿ.

"ಕೊನೆಗೆ ಹೊಲಿದಿದ್ದನ್ನ ತೆಗೀಬೇಕಂತೆ," ಎಂದು ನತಾಲಿನೋ ನಿಟ್ಟುಸಿರುಬಿಟ್ಟ.

"ಕೊನೆಗೆ ಹೊಲಿದಿದ್ದು ಇಂಡೋನೇಷ್ಯಾ."

ನತಾಲಿನೋ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಳಿತ. ಫೋನಿನ ಆ ಕಡೆ ಯಾರೋ ಅಯ್ಯೋ ದೇವರೇ ಎಂದದ್ದು ಕೇಳಿಸಿತು, ಆಮೇಲೆ ಸಂಪರ್ಕ ಕಡಿದುಹೋಯಿತು.

"ಅದನ್ಯಾಕೆ ತಿಯಾ ಕೊನೆಗೆ ಹೊಲಿದ್ರಿ?"

"ಕೈ ಬರ್ಲಿಲ್ಲ ಕಣೋ."

ಇಪ್ಪತ್ತನಾಲ್ಕು ವರ್ಷ ಇಂಡೋನೇಷ್ಯಾದ ಸೈನ್ಯ ಈ ನೆಲದ ಮೇಲಿತ್ತು. ಆ ಕಾಲದಲ್ಲಿ ಹೋರಾಟಕ್ಕೆಂದು ಬೆಟ್ಟ ಹತ್ತಿದ ಅವಳ ತಮ್ಮ ಜಕಾರಿಯಾಸ್ ಇಳಿದು ಬರಲಿಲ್ಲ. ಅವನನ್ನು ಎಲ್ಲಿ ಹೂಳಿದರೋ, ಹೂಳಿದರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಸತ್ತವರ ಹಬ್ಬದ ದಿನ ಅವಳು ಸ್ಮಶಾನದ ದೊಡ್ಡ ಶಿಲುಬೆಯ ಬುಡದಲ್ಲಿ ಹೂವಿಟ್ಟು ಬರುತ್ತಾಳೆ.

"ಮಿಕ್ಕ ಹತ್ತೂ ಎರಡು ದಿನಕ್ಕೆ ಮುಗೀತು. ಅದೊಂದಕ್ಕೇ ಮೂರು ದಿನ ಕೂತೆ. ಒಂದು ಹೊಲಿಗೆ ಹಾಕೋದು, ಎದ್ದುಹೋಗಿ ನೀರು ಕುಡಿಯೋದು, ಜಕಾರಿಯಾಸ್‌ನ ಬಯ್ಯೋದು. ಅಳು ಬೇರೆ, ದರಿದ್ರದ್ದು. ಆಮೇಲೆ ಅನ್ನಿಸ್ತು, ಒಂದೇ ಕಟ್ಟಲ್ಲಿ ಇರ್ಬೇಕು ಅಂದ್ಮೇಲೆ ಇರ್ಬೇಕು. ಹೊಲಿದೆ. ಬಿಚ್ಚೋಕೇನು, ಎರಡು ನಿಮಿಷ. ಹೇಳು, ಬಿಚ್ಲಾ?"

ನತಾಲಿನೋ ಚೀಲದಿಂದ ಕಚೇರಿಯ ಹಾಳೆ ತೆಗೆದು, ತೆನೆಗಳ ಸಂಖ್ಯೆ ಎಂದಿದ್ದ ಕಡೆ 'ಸರಿಯಿದೆ' ಎಂದು ಬರೆದು ಸಹಿ ಹಾಕಿದ.

"ಸೋಮವಾರ ಗಾಳಿ ಜೋರಾಗಿರುತ್ತೆ, ಎಣಿಸೋಕೆ ಯಾರಿಗೂ ಆಗಲ್ಲ," ಎಂದ. ಹವಾಮಾನದ ಬಗ್ಗೆ ಅವನಿಗೆ ಏನೂ ತಿಳಿದಿರಲಿಲ್ಲ.

ಧ್ವಜ ಮಡಚುವ ಮುಂಚೆ ಮತ್ತೊಮ್ಮೆ ಬಗ್ಗಿದ. ಕಟ್ಟಿನಲ್ಲಿದ್ದ ಒಂದು ತೆನೆ ಮಿಕ್ಕವುಗಳಿಗಿಂತ ಅಚ್ಚುಕಟ್ಟಾಗಿತ್ತು, ಒಂದೊಂದು ಎಳೆಯೂ ನೇರ, ಒಂದೊಂದು ಕಾಳೂ ತುಂಬಿಕೊಂಡಿತ್ತು. ಅವನಿಗೆ ಹೆಮ್ಮೆಯಾಯಿತು.

"ನಮ್ದು ಇದೇ ಅಲ್ವಾ, ತಿಯಾ?"

"ಅಲ್ಲ, ಅದು ಅವರ್ದು," ಎಂದಳು ಎರ್ಮೆಲಿಂದಾ. "ನಮ್ದು ಆ ತುದೀಲಿರೋ ಸೊಟ್ಟದ್ದು. ಎಲ್ಲಕ್ಕಿಂತ ಮೊದ್ಲು ಅದನ್ನೇ ಹೊಲಿದೆ. ಖುಷಿಗೆ ಕೈ ನಿಲ್ತಾನೇ ಇರ್ಲಿಲ್ಲ."