ಧಣಿಯ ಲಾರಿಯೂ ಠಾಣೆಯ ಜೀಪೂ

ನಾನು ಒಂದು ಪೊಲೀಸ್ ಜೀಪು. ಕಾರ್ಖಾನೆಯಿಂದ ಹೊರಬಿದ್ದಾಗ ಮದುಮಗನ ಠೀವಿ ನನ್ನದು. ನೆತ್ತಿಯ ಮೇಲೆ ಕೆಂಪು ದೀಪ ಕೂರಿಸಿದಾಗಲಂತೂ, ಇನ್ನು ನನ್ನ ಸದ್ದಿಗೇ ಕಳ್ಳರು ಊರು ಬಿಡುತ್ತಾರೆಂದು ಬೀಗಿದ್ದೆ. ತಂದು ನಿಲ್ಲಿಸಿದ್ದು ತುಂಗಭದ್ರೆಯ ದಂಡೆಯ ನದಿಹಾಳ ಪಟ್ಟಣದ ಠಾಣೆಗೆ. ಅಲ್ಲಿ ಕಳ್ಳರೇ ನನಗೆ ಡೀಸೆಲ್ ಹಾಕಿಸುತ್ತಿದ್ದರು.

ಮೊದಲ ಯಜಮಾನ ಇನ್‌ಸ್ಪೆಕ್ಟರ್ ಚನ್ನವೀರಪ್ಪ. ಅವನು ಹತ್ತಿದರೆ ನನ್ನ ಎಡಮಗ್ಗುಲು ಕುಗ್ಗುತ್ತಿತ್ತು. ಮರಳು ದಂಧೆಯ ಕೊಟ್ರಪ್ಪ ಧಣಿಯ ಲಾರಿ ಎದುರಾದರೆ ನನ್ನನ್ನೇ ರಸ್ತೆಯಿಂದ ಇಳಿಸಿ ದಾರಿ ಬಿಡಿಸುತ್ತಿದ್ದ. ಥೂ, ಸರಕಾರಿ ಜೀಪಿಗೆ ಅದೂ ಒಂದು ಬಾಳೇ? ಮರಳಿನ ಬಗ್ಗೆ ತಕರಾರು ಮಾಡಿದ ಇಬ್ಬರು ಹೊಳೆಯ ದಾರಿಯಲ್ಲಿ ಸತ್ತುಬಿದ್ದರು. 'ಗುರುತಿಲ್ಲದ ವಾಹನ' ಎಂದು ಬರೆದು ಅವನು ಕೈತೊಳೆದುಕೊಂಡ. ಮೂರನೆಯವನಾಗಿ ಅಂಬಿಗರ ದುರುಗಪ್ಪ ಸತ್ತಾಗ 'ಕುಡಿದು ರಸ್ತೆಗೆ ಬಿದ್ದವನು' ಎಂದೂ ಸೇರಿಸಿ, ನಿವೃತ್ತಿಯ ಹಾರ ಹಾಕಿಸಿಕೊಂಡು ಹೋದ.

ಅವನ ಜಾಗಕ್ಕೆ ಬಂದವರು ಇನ್‌ಸ್ಪೆಕ್ಟರ್ ಸುಲೋಚನಾ ಅಂಗಡಿ. ಬಂದ ವಾರದಲ್ಲೇ ದುರುಗಪ್ಪನ ಹೆಂಡತಿ ಗಂಗವ್ವ ನನ್ನ ಬಾಗಿಲು ಹಿಡಿದು ನಿಂತಳು.

“ನನ್ನ ಗಂಡ ಹೆಂಡ ಮುಟ್ಟಿದಾಂವಲ್ಲರೀ ಮೇಡಮ್ಮಾರ. ಅವನ್ನ ಕೊಂದು ಕುಡುಕ ಅಂತ ಬರದಾರ. ನನ್ನ ಮಕ್ಕಳು ಕುಡುಕನ ಮಕ್ಕಳಾಗೇ ಬಾಳಬೇಕೇನ್ರಿ?”

“ಒಳಗ ಹತ್ತವಾ. ಆ ಜಾಗಾ ತೋರಿಸು,” ಎಂದರು ಮೇಡಂ. ಅವತ್ತು ನನ್ನ ಎಂಜಿನ್ನಿಗೆ ಹೊಸ ಉಸಿರು ಬಂತು.

ಧಣಿಯ ಲಾರಿಗಳು ಸಾಲಾಗಿ ನಿಲ್ಲುವಲ್ಲಿ ಮೇಡಂ ನನ್ನನ್ನೂ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದರು. ಒಂದು ಮುದಿ ಲಾರಿಯ ಮೂತಿಗೆ ಮಾತ್ರ ಮೂರು ನಿಂಬೆಹಣ್ಣಿನ ಸರ, ಕರಿದಾರ, ಮೈತುಂಬಾ ಕುಂಕುಮ. ಹೊಸ ಲಾರಿಗಳಿಗಿಲ್ಲದ ಉಪಚಾರ ಈ ಮುದುಕನಿಗೇಕೆ? ಊರಿನ ಗಾಡಿಗಳಿಗೆಲ್ಲ ಪೂಜೆ ಮಾಡುವ ಹನುಮಪ್ಪನ ಗುಡಿಯ ಪೂಜಾರಿ ಈರಯ್ಯನ ಬಳಿ ನೇರ ಹೋದೆವು.

“ಗಾಡಿಗೆ ಜೀವಹತ್ಯೆ ದೋಷ ಬಂದೈತಿ, ಶಾಂತಿ ಮಾಡ್ರಿ ಅಂದ್ರು ಧಣೇರು. ಮೂರು ಸಲ ಮಾಡೀನ್ರಿ.”

“ಯಾರ ಜೀವ?”

“ಸಂಕಲ್ಪದಾಗ ಸತ್ತೋರ ಹೆಸರು ಹೇಳಬೇಕಲ್ರಿ, ತಾವ ಹೇಳಿದ್ರು. ಕಡೀ ಸಲ ದುರುಗಪ್ಪ ಅಂದ್ರು. ಅವತ್ತು ಅಮಾಸಿ, ಬೆಳಿಗ್ಗೆ ಗುಡಿ ಬಾಗಲಾ ತೆಗದ ಕೂಡ್ಲೆ ಬಂದಿದ್ರು.”

ದುರುಗಪ್ಪನ ಹೆಣ ಜನರ ಕಣ್ಣಿಗೆ ಬಿದ್ದದ್ದು ಅದೇ ಅಮಾವಾಸ್ಯೆಯ ಮಧ್ಯಾಹ್ನ! ಅದಕ್ಕೂ ಮೊದಲೇ ಧಣಿ ಅವನ ಹೆಸರಿನಲ್ಲಿ ದೋಷ ಕಳೆಸಿದ್ದ. ಪೊಲೀಸರ ಮುಂದೆ ಕಣ್ಣು ಮಿಟುಕಿಸದೆ ಸುಳ್ಳು ಹೇಳುವವನಿಗೆ ಹನುಮಪ್ಪನ ಮುಂದೆ ಎದೆ ನಡುಗಿತ್ತು.

“ಇಷ್ಟು ದಿನ ಯಾಕ ಹೇಳಲಿಲ್ಲ ಅಯ್ಯನೋರ?”

“ಯಾರೂ ಕೇಳಲಿಲ್ಲರೀ. ದೇವರ ಮುಂದ ಆಡಿದ ಮಾತು, ಕೋರ್ಟಿನಾಗೂ ಹೇಳ್ತೀನಿ.”

ಮೇಲಿನಿಂದ ಫೋನು ಬಂತು, ವರ್ಗದ ಬೆದರಿಕೆ ಬಂತು. “ವರ್ಗ ಮಾಡ್ರಿ ಸರ್. ಅಲ್ಲೀತನಕ ಠಾಣೆ ನಂದು,” ಎಂದರು ಮೇಡಂ. ಧಣಿಯನ್ನು ನನ್ನಲ್ಲೇ ಕೂರಿಸಿಕೊಂಡು, ಆ ಲಾರಿಯನ್ನು ಹಿಂದೆ ಓಡಿಸಿಕೊಂಡು, ನಡುಬಜಾರಿನಲ್ಲಿ ಬಂದೆವು. ಅವತ್ತು ನಾನು ಯಾರಿಗೂ ದಾರಿ ಬಿಡಲಿಲ್ಲ. ಪೂಜಾರಿ ಕೋರ್ಟಿನಲ್ಲೂ ಅದೇ ಮಾತು ಹೇಳಿದ, ಧಣಿಗೆ ಜೀವಾವಧಿ ಶಿಕ್ಷೆಯಾಯಿತು. ದುರುಗಪ್ಪ ಕುಡಿದಿರಲಿಲ್ಲ ಎಂದು ಜಡ್ಜ್ ಸಾಹೇಬರು ಓದಿ ಹೇಳಿದಾಗ ಗಂಗವ್ವ ಕೋರ್ಟಿನ ಅಂಗಳಕ್ಕೆ ಬಂದು ನನಗೊರಗಿ ಮನಸಾರೆ ಅತ್ತಳು.

ಮೇಡಂಗೆ ಬೀದರಿಗೆ ವರ್ಗವಾಯಿತು. ನಾನೂ ಮುದಿಯಾಗಿ ಠಾಣೆಯ ಹಿತ್ತಲು ಸೇರಿದೆ. ಇವತ್ತು ಗುಜರಿಯವನು ಬಂದು ನನ್ನನ್ನು ಕೊಂಡ. ಪಕ್ಕದಲ್ಲಿ ಜಪ್ತಿಯಾಗಿ ನಿಂತಿದ್ದ ಧಣಿಯ ಮುದಿ ಲಾರಿಗೂ ಕೈ ತೋರಿಸಿದ.

“ಇದನ್ನೂ ಕೊಡ್ರಲ್ಲ.”

“ಅದು ಸಾಕ್ಷಿಲೇ,” ಎಂದ ಪೇದೆ. “ಧಣಿ ಮ್ಯಾಲಿನ ಕೋರ್ಟಿಗೆ ಹೋಗ್ಯಾನ. ಅದು ಮುಗಿಯೋತನಕ ಒಂದು ಬೋಲ್ಟೂ ಬಿಚ್ಚಂಗಿಲ್ಲ.”

ನಾಳೆ ನಾನು ಕುಲುಮೆಯಲ್ಲಿ ಕರಗಿ ಗುದ್ದಲಿಯೋ ಗೇಟೋ ಆಗುತ್ತೇನೆ, ನನಗೆ ಅಳುಕಿಲ್ಲ. ನನ್ನ ಕೆಲಸ ಮುಗಿಯಿತು, ಹೊರಟೆ. ಧಣಿಯ ಲಾರಿ ಮಾತ್ರ ಅಲ್ಲಾಡುವಂತಿಲ್ಲ. ಕೊಂದವನ ಪರ ಎಷ್ಟೇ ವಕೀಲರು ಬರಲಿ, ಅದು ದುರುಗಪ್ಪನ ಪರವಾಗಿ ನಿಂತೇ ಇರಬೇಕು.