ಒಳಗೆ ಬಿಟ್ಟ ಬಟ್ಟೆ

ಆ ವರ್ಷ ನಮ್ಮ ಹೈಸ್ಕೂಲಿನಲ್ಲಿ ಪ್ಯಾಂಟು ಎಷ್ಟು ಬಿಗಿಯೋ ಅಷ್ಟು ಬೆಲೆ. ಹುಡುಗ ಹುಡುಗಿ ಎಂಬ ಭೇದವಿಲ್ಲದೆ ಎಲ್ಲರೂ ಯೂನಿಫಾರ್ಮಿನ ಕಾಲನ್ನು ಹಿಮ್ಮಡಿ ತೂರದಷ್ಟು ಕಿರಿದು ಮಾಡಿಸಿಕೊಂಡಿದ್ದರು. ಬೆಳಿಗ್ಗೆ ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ಚೀಲದ ಸಮೇತ ಜಾರಿಸಿ, ಆಮೇಲೆ ಚೀಲ ಎಳೆದುಕೊಳ್ಳಬೇಕು. ಕಾಲ ಕೆಟ್ಟಿತ್ತೋ ಇಲ್ಲವೋ, ಕಾಲಂತೂ ಕಟ್ಟಿಹೋಗಿತ್ತು.

ಕಿರಿದು ಮಾಡಿಕೊಡುತ್ತಿದ್ದವಳು ನನ್ನಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಸಂಜೆಯಾದರೆ ನನ್ನ ಕ್ಲಾಸಿನವರು ಒಬ್ಬೊಬ್ಬರಾಗಿ ಸ್ಟೂಲು ಹತ್ತಿ ನಿಲ್ಲುವರು. ಅಮ್ಮ ಗುಂಡುಸೂಜಿ ಕಚ್ಚಿಕೊಂಡೇ ಅವರ ಸುದ್ದಿಗೆಲ್ಲ ಹೂಂಗುಟ್ಟುವಳು. ಅಳತೆಯ ಚೀಟಿ ಬರೆದು ಬಟ್ಟೆಗೆ ಚುಚ್ಚುವುದು ನನ್ನ ಕೆಲಸ. ನನ್ನೊಡನೆ ಅವರಿಗಿದ್ದದ್ದು ಇಂಚಿನ ಲೆಕ್ಕದ ಸ್ನೇಹ. ಶಾಲೆಯ ಗೇಟಿನೊಳಗೆ ಅದು ಅರ್ಧ ಇಂಚೂ ಉಳಿಯುತ್ತಿರಲಿಲ್ಲ.

ನನ್ನ ಪ್ಯಾಂಟಿಗೆ ಮಾತ್ರ ಚೀಟಿ ಇರಲಿಲ್ಲ. ಮನೆಯದಕ್ಕೆ ಚೀಟಿ ಯಾಕೆ? ಹಾಗಾಗಿ ಅದು ಒಂದು ತಿಂಗಳು ರಾಶಿಯ ತಳದಲ್ಲೇ ಬಿದ್ದಿತ್ತು. ನಾನು ಇನ್ನೊಂದು ಪ್ಯಾಂಟಿನಲ್ಲಿ, ದಿಂಬಿನ ಕವರಿನೊಳಗೆ ಎರಡು ಪೆನ್ಸಿಲು ಹಾಕಿದಂತೆ ಓಡಾಡಿದೆ. ಅಂಗಲಾಚಿದಾಗೆಲ್ಲ ಅಮ್ಮ, ಪಾಪ ಅವರೆಲ್ಲ ಕಾಯ್ತಿದಾರೆ, ಇವತ್ತೊಂದಿನ ತಡಿ ಎನ್ನುವಳು.

ನನಗಿದ್ದ ಗಡುವು ಶಾಲೆಯ ನಾಟಕದ ದಿನ. ಅದರಲ್ಲಿ ನನ್ನ ಜಾಗ ಪರದೆಯ ಹಿಂದೆ: ಮರೆತವರಿಗೆ ಮಾತು ಎತ್ತಿಕೊಡುವುದು, ಜೊತೆಗೆ ನಾಯಿ, ಹುಂಜ, ರೈಲು, ಮುದುಕನ ಕೆಮ್ಮು. ಯಾರ ದನಿ ಬೇಕಾದರೂ ನನ್ನ ಗಂಟಲಿನಲ್ಲಿ ಬಾಡಿಗೆಗಿತ್ತು. ನಾಟಕ ಮುಗಿದ ಮೇಲೆ ವೇಷ ಕಳಚಿ, ಪರದೆ ಹಿಂದಿನವರೂ ಸೇರಿ ಎಲ್ಲರೂ ಯೂನಿಫಾರ್ಮಿನಲ್ಲಿ ರಂಗದ ಮೇಲೆ ನಿಲ್ಲಬೇಕು, ಆ ಫೋಟೋ ಕಾರಿಡಾರಿನಲ್ಲಿ ತೂಗುತ್ತದೆ ಎಂದು ನಾಟಕದ ಮೇಷ್ಟ್ರು ಹೇಳಿದ್ದರು. ಒಂದೇ ಒಂದು ಸಲ, ಅವರೆಲ್ಲರ ನಡುವೆ ಅವರಂತೆಯೇ ನಿಂತಿರಬೇಕು. ನನಗೆ ಬೇಕಾದದ್ದು ಅಷ್ಟೇ.

ನಾಟಕದ ಹಿಂದಿನ ದಿನದ ಅಭ್ಯಾಸಕ್ಕೆ ಅಜ್ಜನ ಪಾತ್ರದ ಹುಡುಗಿ, ನಾವು ಜಿರಾಫೆ ಎನ್ನುತ್ತಿದ್ದವಳು, ಡೇರೆಯಷ್ಟು ಅಗಲದ ಪ್ಯಾಂಟು ಹಾಕಿಕೊಂಡು ಬಂದಳು. ಮೊದಲು ಎಲ್ಲರೂ ನಕ್ಕರು. ಅವಳು ಅದರಲ್ಲೇ ಗಿರ್ರನೆ ತಿರುಗಿ ಕುಣಿದಾಗ ನಗು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಬೆಂಚಿನಲ್ಲಿ ಬ್ಲೇಡುಗಳು ಹೊರಬಂದವು. ಅಮ್ಮ ಎಲ್ಲರ ಪ್ಯಾಂಟಿನೊಳಗೂ ಹೊಲಿಗೆಯಾಚೆ ಬಟ್ಟೆ ಬಿಟ್ಟಿರುತ್ತಿದ್ದಳು. ದಾರ ಕಿತ್ತರಾಯಿತು, ಹಳೇ ಅಗಲ.

ಅಂದರೆ ಏನನ್ನೂ ಮಾಡದೆ ನಾನೇ ಫ್ಯಾಷನ್ನಾಗಿದ್ದೆ. ಹಗುರಾಗಿ ಮನೆಗೆ ಓಡಿದೆ.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಕೈಯಲ್ಲಿ ಇಸ್ತ್ರಿ ಮಾಡಿದ ನನ್ನ ಪ್ಯಾಂಟು, ಪೆನ್ಸಿಲಿನಂತೆ.

"ನಿಂದೂ ಆಯ್ತು ನೋಡೇ. ಮೈಮೇಲಿರೋದನ್ನೂ ಬಿಚ್ಕೊಡು, ಈಗ್ಲೇ ಮಾಡಿಬಿಡ್ತೀನಿ. ಇನ್ನು ನಿನ್ನ ಕಾಯಿಸಲ್ಲ."

ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಆ ತಿಂಗಳಲ್ಲಿ ನೋಡಿರಲಿಲ್ಲ. ಊರಿಗೆಲ್ಲ ಮಾತು ಎತ್ತಿಕೊಡುವವಳಿಗೆ ಆಗ ಎತ್ತಿಕೊಡಲು ಯಾರೂ ಇರಲಿಲ್ಲ. ಪ್ಯಾಂಟು ಬಿಚ್ಚಿಕೊಟ್ಟೆ. ಕತ್ತರಿ ಓಡಿತು.

"ಒಳಗೆ ಬಟ್ಟೆ ಬಿಟ್ಟಿದೀಯಾ ಅಮ್ಮ?"

"ಬೇರೆಯವರದ್ದಾದ್ರೆ ಬಿಡ್ತೀನಿ, ನಾಳೆ ಮನಸ್ಸು ಬದಲಾಯಿಸ್ತಾರೆ. ನಿಂದಕ್ಕೆ ಯಾಕೆ? ಪೂರ್ತಿ ಕತ್ತರಿಸಿ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಿದೀನಿ. ಒಳಗೂ ಹೊರಗಷ್ಟೇ ಚಂದ."

ಮರುದಿನ ನಾಟಕ ಚೆನ್ನಾಗಿಯೇ ಆಯಿತು. ಜಿರಾಫೆ ಎರಡು ಕಡೆ ಮಾತು ಮರೆತಳು, ಎತ್ತಿಕೊಟ್ಟೆ. ಮುದುಕನಾಗಿ ಕೆಮ್ಮಿದೆ, ಹುಂಜವಾಗಿ ಕೂಗಿದೆ. ಕೊನೆಗೆ ಮೇಷ್ಟ್ರು ಎಲ್ಲರನ್ನೂ ರಂಗಕ್ಕೆ ಕರೆದರು. ಪರದೆಯ ಸಂದಿಯಿಂದ ನೋಡಿದೆ. ಇಪ್ಪತ್ತು ಜೊತೆ ಕಾಲು, ಎಲ್ಲವೂ ಅಗಲ, ಹೊಲಿಗೆ ಕಿತ್ತ ಕಡೆ ಸೂಜಿಯ ತೂತುಗಳ ಸಾಲು. ಪ್ರತಿಯೊಂದರ ಅಳತೆಯನ್ನೂ ನಾನೇ ಬರೆದಿದ್ದೆ.

"ನಮ್ಮ ನಾಯಿ ಎಲ್ರೋ?" ಮೇಷ್ಟ್ರು ಕೇಳಿದರು.

ಕತ್ತಲಲ್ಲಿ ನಿಂತೇ ಎರಡು ಸಲ ಬೊಗಳಿದೆ. ಸಭಾಂಗಣವೆಲ್ಲ ಗೊಳ್ಳೆಂದಿತು. ಆ ನಗುವಿನಲ್ಲೇ ಫೋಟೋ ತೆಗೆದರು. ಯಾರೂ ಎರಡನೇ ಸಲ ಕರೆಯಲಿಲ್ಲ.

ಮನೆಗೆ ಬಂದು ಸ್ಟೂಲಿನ ಮೇಲೆ ಕುಳಿತು ಕಾಲು ಚಾಚಿದೆ. ಅಮ್ಮ ಪ್ಯಾಂಟಿನ ತುದಿ ಹಿಡಿದು ಎಳೆಯುತ್ತ, ಅವರೆಲ್ಲ ಏನಂದರು ಎಂದು ಕೇಳಿದಳು.

ಜಿರಾಫೆಯ ಮೂಗಿನ ದನಿಯಲ್ಲಿ ಹೇಳಿದೆ, "ಎಷ್ಟು ಚೆನ್ನಾಗಿ ಕೂತಿದೆಯೇ, ಆಂಟಿ ನಿನಗೆ ಮಾತ್ರ ಸ್ಪೆಷಲ್ಲಾಗಿ ಹೊಲಿದಿದಾರೆ." ಮೇಷ್ಟ್ರ ದನಿಯಲ್ಲಿ, ಗಂಟಲು ಕೆರೆದು, "ನಾಯಿಗೆ ಇಷ್ಟು ಒಳ್ಳೆ ಟೈಲರ್ ಯಾರಮ್ಮ?" ಎಂದೆ. ಅಮ್ಮ ನಕ್ಕು ನಕ್ಕು ಪ್ಯಾಂಟಿನ ತುದಿ ಬಿಟ್ಟುಬಿಟ್ಟಳು. ಇನ್ನೊಬ್ಬರದು ಮಾಡು, ಮತ್ತೊಬ್ಬರದು ಮಾಡು ಎಂದಳು. ಕ್ಲಾಸಿನ ಅಷ್ಟೂ ಜನ ಬಂದು ಅವಳನ್ನು ಹೊಗಳಿ ಹೋದರು.

"ಫೋಟೋದಲ್ಲಿ ಎಲ್ಲಿ ನಿಂತಿದ್ದೆ?" ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ನಡುವೆ," ಎಂದೆ. ಅದೊಂದನ್ನು ನನ್ನ ದನಿಯಲ್ಲೇ ಹೇಳಬೇಕಾಯಿತು.