ಕಾಲುವೆಯ ಬಾಯಿಗೆ ಕಲ್ಲು

ಜೌಗು ನೆಲದ ಕಾವಲುಗಾರ್ತಿ ಕಾಲುವೆಯ ಬಾಯಿಗೆ ಬರುವಷ್ಟರಲ್ಲಿ ಅವಳ ತಮ್ಮ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ತಂದು ದಂಡೆಗೆ ನಿಲ್ಲಿಸಿದ್ದ. ಟ್ರೈಲರಿನ ತುಂಬ ಕೆಡವಿದ ಗೋಡೆಯ ಕಲ್ಲುಮಣ್ಣು. ಪಕ್ಕದಲ್ಲಿ ಜೀಪಿಗೆ ಒರಗಿಕೊಂಡು ಇಲಾಖೆಯ ಸಾಹೇಬರು.

"ಇಲ್ಲಿ ಸುರಿಯೋಕೆ ಯಾರೋ ಹೇಳಿದ್ದು?"

"ಅವರನ್ನೇ ಕೇಳಕ್ಕಾ." ತಮ್ಮ ಗದ್ದದಲ್ಲೇ ಸಾಹೇಬರ ಕಡೆ ತೋರಿಸಿದ.

ಸಾಹೇಬರು ನಕ್ಕರು. "ನಾಳೆ ಜೌಗು ರಕ್ಷಣೆ ಸಮಾರಂಭ ಅಲ್ವೇನಮ್ಮ? ಮಂತ್ರಿಗಳು ಬರ್ತಾರೆ. ಕಾರು ನಿಲ್ಲೋಕೆ ಜಾಗ ಬೇಡವಾ? ಆಮೇಲೆ ತೆಗೆಸಿದರಾಯ್ತು."

ಅವಳಿಗೆ ನೆತ್ತಿಯವರೆಗೂ ಉರಿ ಹತ್ತಿತು. ಹೊಳೆಯ ನೀರು ಜೌಗಿಗೆ ಬರಲು ಇದ್ದದ್ದು ಇದೊಂದೇ ದಾರಿ. ಮೊಟ್ಟೆ ಹೊತ್ತ ಮೀನು ಈ ದಿನಗಳಲ್ಲೇ ಇದರಲ್ಲಿ ಏರಿ ಬರುತ್ತಿತ್ತು. ಹಿಡಿ ಮಣ್ಣೂ ಇಲ್ಲಿ ಬೀಳಕೂಡದೆಂದು ಅವಳನ್ನು ಕಾವಲಿಗೆ ನಿಲ್ಲಿಸಿದವರು ಇದೇ ಸಾಹೇಬರು. ಆ ಮಾತನ್ನು ನಂಬಿ, ಸ್ವಂತ ಚಿಕ್ಕಮ್ಮ ಸುರಿದಿದ್ದ ಒಂದು ಬುಟ್ಟಿ ಒಡಕು ಹೆಂಚನ್ನು ಚಿಕ್ಕಮ್ಮನ ತಲೆಯ ಮೇಲೆಯೇ ವಾಪಸ್ ಹೊರಿಸಿ ಕಳಿಸಿದ್ದಳು. ಅಂದಿನಿಂದ ಚಿಕ್ಕಮ್ಮ ಮಾತು ಬಿಟ್ಟಿದ್ದಳು.

ಚಪ್ಪಲಿ ಬಿಟ್ಟು ಕಾಲುವೆಗಿಳಿದು, ಟ್ರೈಲರಿನ ಕೆಳಗೇ ನಿಂತಳು. ನೀರು ಮೊಣಕಾಲಿಗೆ ಬಂತು.

"ಸುರಿಯೋ ಈಗ."

"ಹುಚ್ಚು ಹಿಡಿದಿದೆಯೇನಕ್ಕಾ? ಮೇಲೆ ಬಾ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ನೀನು ನನ್ನ ಮುಖಕ್ಕೆ ಮಸಿ ಬಳೀತಿದ್ದೀಯಲ್ಲ, ಅದು? ಚಿಕ್ಕಮ್ಮನ ಎದುರು ಹೇಗೋ ಓಡಾಡ್ಲಿ ನಾನು?"

"ನಾಳೆಯಿಂದ ಕೆಲಸಕ್ಕೆ ಬರಬೇಡ!" ಸಾಹೇಬರು ಗದರಿದರು.

"ನಾಳೇದು ನಾಳೆ. ಇವತ್ತು ನಾನೇ ಕಾವಲು. ಬೇಕಿದ್ರೆ ಇಳಿದು ಬಂದು ಎಳ್ಕೊಂಡು ಹೋಗಿ."

ಸಾಹೇಬರು ಕಾಲಿನ ಬೂಟು ನೋಡಿಕೊಂಡರು. ಇಳಿದವನು ತಮ್ಮ. ಟ್ರ್ಯಾಕ್ಟರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬಂದು ಅಕ್ಕನ ರಟ್ಟೆ ಹಿಡಿದ. ಅವಳು ಛಟೀರೆಂದು ಕಪಾಳಕ್ಕೆ ಬಾರಿಸಿದಳು. ಅವನು ಕೆನ್ನೆ ಸವರಿಕೊಳ್ಳುತ್ತ ದಂಡೆ ಹತ್ತಿ ಕುಕ್ಕರಿಸಿದ.

"ಕೀಲಿ ಕೊಡೋ ಇಲ್ಲಿ." ಸಾಹೇಬರು ಕೈ ಚಾಚಿದರು. " ನನ್ನ ಜೀಪಿನ ಡ್ರೈವರ್ ಸುರೀತಾನೆ."

"ಅಕ್ಕ ಮೇಲೆ ಬರ್ಲಿ ಸಾರ್, ಕೊಡ್ತೀನಿ."

"ಅವಳು ಯಾವಾಗಯ್ಯಾ ಬರೋದು?"

"ನನಗೇನು ಗೊತ್ತು ಸಾರ್? ಚಿಕ್ಕಂದಿನಿಂದ ನೋಡ್ತಿದ್ದೀನಿ. ಹಠ ಹಿಡಿದ್ರೆ ಊಟಕ್ಕೂ ಏಳಲ್ಲ."

ಸಾಹೇಬರು ಫೋನು ತೆಗೆದು ಇನ್ನೊಂದು ಟ್ರ್ಯಾಕ್ಟರಿಗೆ ಹೇಳತೊಡಗಿದರು. ಕಾವಲುಗಾರ್ತಿಗೆ ಅದು ಕೇಳಿಸಿತು. ಕೆಸರಿನಲ್ಲಿ ಕಾಲು ಇನ್ನಷ್ಟು ಅಗಲಿಸಿ ಊರಿ ನಿಂತು, ತಮ್ಮನ ಕಡೆ ಕೆಂಡದಂಥ ಕಣ್ಣು ಬಿಟ್ಟಳು.

"ಕೂತು ಏನೋ ನೋಡ್ತೀಯ? ನಿನ್ನ ಟ್ರ್ಯಾಕ್ಟರನ್ನ ದಾರಿಗೆ ಅಡ್ಡ ನಿಲ್ಸು, ಹೋಗು!"